ಪರೀಕ್ಷೆಯಲ್ಲಿ ಸೋತ ಸಂತರು ಕಲಿಸುವ ಪಾಠ

ಪರೀಕ್ಷೆಯ ದಿನಗಳು ಸಮೀಪಿಸುತ್ತಿದ್ದಂತೆ ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ಪ್ರಾರ್ಥನೆಯ ಕೊನೆಗೆ ಇನ್ನೊಂದು ಕೋರಿಕೆ ತಾನಾಗಿ ಸೇರಿಕೊಳ್ಳುತ್ತದೆ. ಮಗನಿಗೆ ಗಣಿತ ಕೈಹಿಡಿಯಲಿ, ಮಗಳಿಗೆ ಓದಿದ್ದು ನೆನಪಿರಲಿ ಎಂದು ತಾಯಂದಿರು ಬೇಡಿಕೊಳ್ಳುತ್ತಾರೆ. ದೇವಾಲಯದಲ್ಲಿ ಮೇಣದ ಬತ್ತಿಗಳು ಹೆಚ್ಚು ಉರಿಯುತ್ತವೆ. ಇದು ತಪ್ಪೇನಲ್ಲ. ಆದರೆ ಪ್ರಾರ್ಥನೆಯೊಂದಿಗೆ ನಡೆಯಬೇಕಾದ ಸಿದ್ಧತೆ ಯಾವ ಬಗೆಯದಾಗಿರಬೇಕು, ಚೆನ್ನಾಗಿ ಓದಿದ ಮಗುವೂ ಏಕೆ ಸೋಲುತ್ತದೆ, ಸೋತ ಮಗುವಿನ ಜೊತೆ ಹಿರಿಯರು ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಒಬ್ಬ ಸಂತರ ಬಾಳಿನಲ್ಲಿಯೇ ಕಾಣಬಹುದು. ಅವರು ಲೋಕದ ಎಲ್ಲ ಧರ್ಮಕೇಂದ್ರಗಳ ಗುರುಗಳ ಪಾಲಕರೆಂದು ಗೌರವಿಸಲ್ಪಡುವ ಸಂತ ಜಾನ್ ಮರಿಯ ವಿಯಾನಿ. ಪಾಪನಿವೇದನೆಯ ಪೀಠದಲ್ಲಿ ದಿನಗಟ್ಟಲೆ ಕುಳಿತ ಆರ್ಸ್ ಗ್ರಾಮದ ಗುರುವಾಗಿ ಅವರನ್ನು ಎಲ್ಲರೂ ಬಲ್ಲರು. ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ, ಗುರುಮಠದಿಂದ ಹೊರಬಂದು, ಕಣ್ಣೀರಿಟ್ಟ ವಿದ್ಯಾರ್ಥಿಯಾಗಿ ಅವರನ್ನು ನೆನೆಯುವವರು ಕಡಿಮೆ.

ಜಾನ್ ಮರಿಯ ವಿಯಾನಿ ಹುಟ್ಟಿದ್ದು 1786ರ ಮೇ 8ರಂದು, ಫ್ರಾನ್ಸ್ ದೇಶದ ಲಿಯಾನ್ ನಗರಕ್ಕೆ ಹತ್ತಿರದ ಡಾರ್ಡಿಲ್ಲಿ ಎಂಬ ಹಳ್ಳಿಯಲ್ಲಿ. ತಂದೆ ಮ್ಯಾಥ್ಯೂ ಬೇಸಾಯಗಾರ. ತಾಯಿ ಮರಿಯಾ ಭಕ್ತೆ. ಬಾಲಕನಿಗೆ ಮೂರು ವರ್ಷ ತುಂಬಿದ್ದಾಗ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ದೇವಾಲಯಗಳು ಮುಚ್ಚಿದವು. ಸರ್ಕಾರದ ಪ್ರಮಾಣವಚನವನ್ನು ನಿರಾಕರಿಸಿದ ಗುರುಗಳು ತಲೆಮರೆಸಿಕೊಂಡು ಅಲೆಯಬೇಕಾಯಿತು. ಹಳ್ಳಿಗಳಲ್ಲಿ ಶಾಲೆಯೂ ಸರಿಯಾಗಿ ನಡೆಯಲಿಲ್ಲ. ಹೀಗಾಗಿ ಈ ಹುಡುಗನ ಬಾಲ್ಯ ಕಳೆದದ್ದು ಹೊಲದಲ್ಲಿ, ಕುರಿಗಳ ಹಿಂದೆ. ಶಾಲೆ ಮತ್ತೆ ತೆರೆದ ಮೇಲೂ ಅವನು ಹೋಗುತ್ತಿದ್ದುದು ಬೇಸಾಯದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ಮಾತ್ರ. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟೇ ಅವನಿಗೆ ದೊರೆತ ಶಿಕ್ಷಣ.

1799ರಲ್ಲಿ, ತನ್ನ 13ನೆಯ ವಯಸ್ಸಿನಲ್ಲಿ, ಅವನು ನೆರೆಯ ಎಕುಲ್ಲಿಯಲ್ಲಿ ಪ್ರಥಮ ಪರಮಪ್ರಸಾದ ಸ್ವೀಕರಿಸಿದನು. ಅದು ನಡೆದದ್ದು ದೇವಾಲಯದಲ್ಲಲ್ಲ, ಒಂದು ಮನೆಯೊಳಗೆ. ಒಳಗಿನ ದೀಪದ ಬೆಳಕು ಹೊರಗೆ ಕಾಣದಿರಲೆಂದು ಕಿಟಕಿಗಳ ಮುಂದೆ ಹುಲ್ಲಿನ ಗಾಡಿಗಳನ್ನು ನಿಲ್ಲಿಸಿದ್ದರು. ಜೀವದ ಹಂಗು ತೊರೆದು ಬಲಿಪೂಜೆ ಅರ್ಪಿಸುತ್ತಿದ್ದ ಗುರುಗಳನ್ನು ಕಂಡ ಬಾಲಕನ ಮನದಲ್ಲಿ ತಾನೂ ಗುರುವಾಗಬೇಕೆಂಬ ಆಸೆ ಬೇರೂರಿತು. ಆದರೆ ಗುರುವಾಗಲು ಲ್ಯಾಟಿನ್ ಬೇಕು. ಪಠ್ಯಗಳು, ಗುರುಮಠದ ಉಪನ್ಯಾಸಗಳು, ಪರೀಕ್ಷೆಯ ಪ್ರಶ್ನೆಗಳು, ಎಲ್ಲವೂ ಆ ಭಾಷೆಯಲ್ಲಿಯೇ. ಚಿಕ್ಕಂದಿನಿಂದ ಶಾಲೆಯಲ್ಲಿ ಬೆಳೆದವರಿಗೆ ಅದು ಪರಿಚಿತ. ಹೊಲದಿಂದ ಬಂದವನಿಗೆ ಅದು ಕಲ್ಲುಗೋಡೆ.

ತಂದೆ ಮೊದಲಿಗೆ ಒಪ್ಪಲಿಲ್ಲ. ಅವರು ಕೆಟ್ಟವರಲ್ಲ. ದುಡಿಯುವ ಮಗನನ್ನು ಕಳೆದುಕೊಂಡರೆ ಹೊಲದ ಗತಿಯೇನು, ವಿದ್ಯಾಭ್ಯಾಸದ ವೆಚ್ಚಕ್ಕೆ ಹಣವೆಲ್ಲಿ ಎಂಬುದು ಅವರ ಚಿಂತೆ. ತಾಯಿಯ ಮಾತಿಗೆ ಕೊನೆಗೂ ತಂದೆ ಮಣಿದರು. ಎಕುಲ್ಲಿಯ ಗುರು ವಂದನೀಯ ಚಾರ್ಲ್ಸ್ ಬ್ಯಾಲಿಯವರು ಗುರುಗಳಾಗಬಯಸುವ ಹುಡುಗರಿಗಾಗಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪಾಠಶಾಲೆ ತೆರೆದಿದ್ದರು. ಸುಮಾರು 20ರ ವಯಸ್ಸಿನಲ್ಲಿ ಜಾನ್ ಅಲ್ಲಿ ಲ್ಯಾಟಿನ್ ವ್ಯಾಕರಣದ ಮೊದಲ ಪುಟ ತೆರೆದನು.

ನೇಗಿಲು ಹಿಡಿದು ಒರಟಾದ ಕೈಗೆ ಲೇಖನಿ ಒಗ್ಗಲಿಲ್ಲ. ರಾತ್ರಿ ಕಲಿತ ಪದಗಳು ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತಿದ್ದವು. ಪಕ್ಕದಲ್ಲಿ ಕುಳಿತವರು ಅವನಿಗಿಂತ ಎಷ್ಟೋ ಕಿರಿಯರು. ಅವರಲ್ಲಿ ಮಥಾಯಸ್ ಲೋರಾಸ್ ಎಂಬುವನು ಜಾನ್‌ಗಿಂತ 6 ವರ್ಷ ಚಿಕ್ಕವನು, ಬಲು ಚುರುಕು. ಪಾಠ ಹೇಳಿಕೊಡಲು ಹೋಗಿ, ಜಾನ್‌ಗೆ ಎಷ್ಟು ಹೇಳಿದರೂ ತಲೆಗೆ ಹತ್ತದಿರುವುದನ್ನು ಕಂಡು, ಸಹನೆಗೆಟ್ಟು ಒಂದು ದಿನ ಎಲ್ಲರೆದುರು ಅವನಿಗೆ ಹೊಡೆದನು. ಜಾನ್ ತಿರುಗಿ ಕೈಯೆತ್ತಲಿಲ್ಲ. ಆ ಚಿಕ್ಕ ಹುಡುಗನ ಮುಂದೆ ಮೊಣಕಾಲೂರಿ ತನ್ನ ದಡ್ಡತನಕ್ಕೆ ಕ್ಷಮೆ ಕೇಳಿದನು. ಲೋರಾಸ್ ಅಳುತ್ತಾ ಅವನನ್ನು ಅಪ್ಪಿಕೊಂಡನು. ಮುಂದೆ ಲೋರಾಸ್ ಅಮೆರಿಕಕ್ಕೆ ತೆರಳಿ ಡುಬ್ಯೂಕ್ ಧರ್ಮಪ್ರಾಂತ್ಯದ ಮೊದಲ ಧರ್ಮಾಧ್ಯಕ್ಷರಾದರು. ಅಂದು ಹೊಡೆದವರೂ ಹೊಡೆಸಿಕೊಂಡವರೂ ಬದುಕಿನುದ್ದಕ್ಕೂ ಆ ಸ್ನೇಹವನ್ನು ಉಳಿಸಿಕೊಂಡರು.

ಓದು ಬಿಟ್ಟು ಊರಿಗೆ ಮರಳಬೇಕೆಂಬ ಯೋಚನೆ ಆಗ ಅವನನ್ನು ಕಾಡಿತು. 1806ರಲ್ಲಿ ಅವನು ಒಂದು ಹರಕೆ ಹೊತ್ತನು. ದಾರಿಯಲ್ಲಿ ಭಿಕ್ಷೆ ಬೇಡಿ ಉಣ್ಣುತ್ತಾ, ಸುಮಾರು 100 ಕಿಲೋಮೀಟರ್ ದೂರದ ಲಾ ಲುವೆಸ್ಕ್‌ನಲ್ಲಿರುವ ಸಂತ ಜಾನ್ ಫ್ರಾನ್ಸಿಸ್ ರೆಜಿಸ್‌ರವರ ಸಮಾಧಿಗೆ ಕಾಲ್ನಡಿಗೆಯಲ್ಲಿ ಹೋದನು. ಅಲ್ಲಿ ಅವನು ಬೇಡಿಕೊಂಡದ್ದೇನೆಂಬುದನ್ನು ಗಮನಿಸಬೇಕು. ಮಹಾಪಂಡಿತನಾಗಬೇಕೆಂದಲ್ಲ, ತರಗತಿಯಲ್ಲಿ ಮೊದಲಿಗನಾಗಬೇಕೆಂದೂ ಅಲ್ಲ. ದೈವಶಾಸ್ತ್ರ ಓದಲು ಸಾಕಾಗುವಷ್ಟು ಲ್ಯಾಟಿನ್ ಬಂದರೆ ಸಾಕೆಂದು ಬೇಡಿದನು. ಹಿಂತಿರುಗಿದ ಮೇಲೆ ಪವಾಡದಂತೆ ಎಲ್ಲವೂ ತಿಳಿದುಬಿಡಲಿಲ್ಲ. ಆದರೆ ಪಾಠ ಮೊದಲಿನಷ್ಟು ಭಾರವೆನಿಸಲಿಲ್ಲ, ಕೈಚೆಲ್ಲುವ ಯೋಚನೆ ದೂರವಾಯಿತು. ಪ್ರಾರ್ಥನೆ ಅವನಿಗೆ ಪುಸ್ತಕದ ಬದಲಿಗೆ ಬಂದದ್ದಲ್ಲ, ಮತ್ತೆ ಪುಸ್ತಕದ ಮುಂದೆ ಕೂರುವ ಧೈರ್ಯವಾಗಿ ಬಂದಿತು.

ಓದು ಸ್ವಲ್ಪ ಹಿಡಿತಕ್ಕೆ ಬರುತ್ತಿದ್ದಾಗ ಇನ್ನೊಂದು ತಡೆ ಎದುರಾಯಿತು. 1809ರಲ್ಲಿ ನೆಪೋಲಿಯನ್ ಚಕ್ರವರ್ತಿಯ ಸೇನೆಗೆ ಸೇರುವಂತೆ ಅವನಿಗೆ ಕರೆ ಬಂದಿತು. ಕಾಯಿಲೆಬಿದ್ದು ಆಸ್ಪತ್ರೆ ಸೇರಿ, ತನ್ನ ತುಕಡಿಯಿಂದ ಹಿಂದುಳಿದ ಜಾನ್, ಅಪರಿಚಿತನೊಬ್ಬನೊಡನೆ ಲೆ ನೋಯೆ ಎಂಬ ಬೆಟ್ಟದ ಹಳ್ಳಿಗೆ ಬಂದು ಸೇರಿದನು. ಅಲ್ಲಿ ಒಬ್ಬ ವಿಧವೆ ತಾಯಿ ಅವನನ್ನು ಮಗನಂತೆ ಕಾಪಾಡಿದಳು. ಜೆರೋಮ್ ವಿನ್ಸೆಂಟ್ ಎಂಬ ಬೇರೆ ಹೆಸರಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅಡಗಿದ್ದು, ಅಲ್ಲಿನ ಮಕ್ಕಳಿಗೆ ಅಕ್ಷರವನ್ನೂ ಧರ್ಮೋಪದೇಶವನ್ನೂ ಹೇಳಿಕೊಟ್ಟನು. ತನಗೆ ಕಲಿಯುವುದು ಕಷ್ಟವೆಂದು ತಿಳಿದಿದ್ದವನು ಇತರರಿಗೆ ಕಲಿಸುವುದರಲ್ಲಿ ತಾಳ್ಮೆಗೆಡಲಿಲ್ಲ. 1810ರಲ್ಲಿ ಚಕ್ರವರ್ತಿಯ ವಿವಾಹದ ನಿಮಿತ್ತ ಕ್ಷಮಾದಾನ ಪ್ರಕಟವಾಯಿತು. ಅಣ್ಣನ ಬದಲಿಗೆ ತಮ್ಮ ಫ್ರಾನ್ಸ್ವಾ ಸೇನೆಗೆ ಹೋದನು. ಜಾನ್ ಮನೆಗೆ ಮರಳಿದ ಕೆಲವೇ ವಾರಗಳಲ್ಲಿ, 1811ರಲ್ಲಿ, ಅವನ ಆಸೆಗೆ ಆಸರೆಯಾಗಿದ್ದ ತಾಯಿ ತೀರಿಕೊಂಡಳು.

1812ರ ಕೊನೆಯಲ್ಲಿ ಅವನನ್ನು ತತ್ವಶಾಸ್ತ್ರ ಕಲಿಯಲು ವೆರ್ರಿಯೇರ್‌ನ ಕಿರಿಯ ಗುರುಮಠಕ್ಕೆ ಕಳುಹಿಸಲಾಯಿತು. ಆಗ ಅವನಿಗೆ 26 ವರ್ಷ. ಲ್ಯಾಟಿನ್‌ನಲ್ಲಿ ಪ್ರಶ್ನೆ ಕೇಳಿದರೆ ಅರ್ಥವಾಗದು, ಅರ್ಥವಾಗದಿದ್ದಾಗ ಬಾಯಿ ತೆರೆಯದು, ಬಾಯಿ ತೆರೆಯದಿದ್ದಾಗ ಹುಡುಗರ ನಗು. ಅಲ್ಲಿ ಅವನ ಬಗ್ಗೆ ಬರೆದ ವರದಿಯಲ್ಲಿ ಶ್ರಮ ಉತ್ತಮ, ನಡತೆ ಉತ್ತಮ, ಜ್ಞಾನ ಮಾತ್ರ ಬಹಳ ದುರ್ಬಲ ಎಂದಿತ್ತು. ಇಂಥ ವರದಿಯನ್ನು ಕೈಯಲ್ಲಿ ಹಿಡಿದ ತಂದೆತಾಯಿ ಇಂದಿಗೂ ಎಷ್ಟೋ ಮಂದಿ. ಶ್ರಮವಿದೆ, ಫಲವಿಲ್ಲ ಎಂದಾದರೆ ನಡುವೆ ಎಲ್ಲೋ ಒಂದು ಅಡ್ಡಿಯಿದೆ ಎಂದೇ ಅರ್ಥ. ಮಗುವನ್ನು ಬಯ್ಯುವ ಮೊದಲು ಆ ಅಡ್ಡಿಯನ್ನು ಹುಡುಕಬೇಕು.

ಅದೇ ಗುರುಮಠದಲ್ಲಿ ಓದುತ್ತಿದ್ದ ಇನ್ನೊಬ್ಬ ಯುವಕ ಮಾರ್ಸೆಲಿನ್ ಶಾಂಪಾನ್ಯಾ. ಅವನೂ ಮೊದಲ ವರ್ಷದ ಕೊನೆಗೆ ಓದಿಗೆ ತಕ್ಕವನಲ್ಲವೆಂದು ಮನೆಗೆ ಕಳುಹಿಸಲ್ಪಟ್ಟು, ಮತ್ತೆ ಬಂದು ಸೇರಿದವನು. 1817ರಲ್ಲಿ ಆತನೇ ಹಳ್ಳಿಯ ಬಡಮಕ್ಕಳಿಗೆ ವಿದ್ಯೆ ಕಲಿಸಲೆಂದು ಮಾರಿಸ್ಟ್ ಸಹೋದರರ ಸಭೆಯನ್ನು ಸ್ಥಾಪಿಸಿದರು. 1999ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಸಂತರೆಂದು ಸಾರಿದರು. ಓದಿನಲ್ಲಿ ಹಿಂದುಳಿದವರೆಂದು ಎಣಿಸಲ್ಪಟ್ಟ ಇಬ್ಬರು ಸಂತರು ಒಂದೇ ಸೂರಿನಡಿ ಓದುತ್ತಿದ್ದರು.

1813ರ ಶರತ್ಕಾಲದಲ್ಲಿ ಜಾನ್ ಲಿಯಾನ್‌ನ ಹಿರಿಯ ಗುರುಮಠ ಸೇರಿದನು. ಅಲ್ಲಿ ಪಾಠವೆಲ್ಲ ಲ್ಯಾಟಿನ್‌ನಲ್ಲಿ. ಸಹಪಾಠಿಯೊಬ್ಬನು ಫ್ರೆಂಚ್‌ನಲ್ಲಿ ವಿವರಿಸಿದಾಗ ಅವನಿಗೆ ವಿಷಯ ತಿಳಿಯುತ್ತಿತ್ತು. ಆದರೆ ತರಗತಿಯಲ್ಲಿ ಕೇಳಿದಾಗ ಉತ್ತರ ಹೊರಡುತ್ತಿರಲಿಲ್ಲ. ಕೆಲವೇ ತಿಂಗಳುಗಳಲ್ಲಿ, ಇವನು ಮುಂದುವರಿಯಲಾರನೆಂದು ತೀರ್ಮಾನಿಸಿದ ಹಿರಿಯರು ಅವನನ್ನು ಹೊರಡುವಂತೆ ಹೇಳಿದರು. ಗುರುವಾಗುವ ಆಸೆ ಬಿಟ್ಟು, ಶಾಲೆಗಳಲ್ಲಿ ಕಲಿಸುವ ಧಾರ್ಮಿಕ ಸಹೋದರರ ಸಭೆಗೆ ಸೇರಿಬಿಡೋಣವೆಂದೂ ಅವನು ಯೋಚಿಸಿದನು.

ಅವನ ಬದುಕಿನ ತಿರುವು ಇಲ್ಲಿದೆ, ನಮ್ಮ ವಿಷಯದ ತಿರುಳೂ ಇಲ್ಲಿಯೇ ಇದೆ. ವಂದನೀಯ ಬ್ಯಾಲಿಯವರು ಅವನನ್ನು ಮತ್ತೆ ಎಕುಲ್ಲಿಗೆ ಕರೆತಂದರು. ಅವನು ದಡ್ಡನೆಂದು ಅವರು ಒಪ್ಪಲಿಲ್ಲ. ದೇವರ ವಿಷಯವನ್ನು ತನ್ನ ಮಾತಿನಲ್ಲಿ ಹೇಳಬಲ್ಲವನು, ಪಾಪಪುಣ್ಯಗಳನ್ನು ತೂಗಿ ನೋಡಬಲ್ಲವನು, ಲ್ಯಾಟಿನ್ ಎಂದೊಡನೆ ಮೂಕನಾಗುತ್ತಾನೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಅಡ್ಡಿ ಇರುವುದು ಬುದ್ಧಿಯಲ್ಲಲ್ಲ, ಭಾಷೆಯಲ್ಲಿ ಎಂದು ಅವರು ಕಂಡುಕೊಂಡರು. ಆದ್ದರಿಂದ ಫ್ರೆಂಚ್ ಭಾಷೆಯಲ್ಲಿ ಬರೆದ ಒಂದು ಗ್ರಂಥವನ್ನು ತೆಗೆದುಕೊಂಡು, ಅದರ ಮೂಲಕ ದೈವಶಾಸ್ತ್ರವನ್ನು ಮೊದಲಿನಿಂದ ಹೇಳಿಕೊಟ್ಟರು. ಒಬ್ಬರೇ ಗುರು, ಒಬ್ಬನೇ ಶಿಷ್ಯ. ತಿಳಿದ ಮಾತಿನಿಂದ ತಿಳಿಯದ ವಿಷಯಕ್ಕೆ ಹೆಜ್ಜೆ ಹೆಜ್ಜೆಯಾಗಿ ನಡೆಸಿದರು.

ಸುಮಾರು ಮೂರು ತಿಂಗಳ ಬಳಿಕ, 1814ರಲ್ಲಿ, ಗುರುದೀಕ್ಷೆಯ ಮುನ್ನಿನ ಪರೀಕ್ಷೆಗಾಗಿ ಜಾನ್ ಲಿಯಾನ್‌ಗೆ ಹೋದನು. ಕಲಿತ ಹಿರಿಯರು ಸಾಲಾಗಿ ಕುಳಿತಿದ್ದರು. ಪ್ರಶ್ನೆ ಲ್ಯಾಟಿನ್‌ನಲ್ಲಿ ಬಂದಿತು. ಅವನು ತಬ್ಬಿಬ್ಬಾದನು. ಗೊತ್ತಿದ್ದುದೂ ಮರೆಯಾಯಿತು, ಹೇಳಿದ ಉತ್ತರಗಳು ಸರಿಯಾಗಲಿಲ್ಲ. ಪರೀಕ್ಷಕರು ಅವನನ್ನು ಉತ್ತೀರ್ಣಗೊಳಿಸಲಿಲ್ಲ. ಬೇರೆ ಧರ್ಮಪ್ರಾಂತ್ಯದವರು ತೆಗೆದುಕೊಳ್ಳುವುದಾದರೆ ಹೋಗಬಹುದೆಂದರು.

ಬ್ಯಾಲಿಯವರು ಶಿಷ್ಯನನ್ನು ಗದರಿಸಲಿಲ್ಲ. ಪರೀಕ್ಷಕರನ್ನು ನಿಂದಿಸಲೂ ಇಲ್ಲ. ನೇರವಾಗಿ ಲಿಯಾನ್‌ಗೆ ಹೋಗಿ ಒಂದು ವಿನಂತಿ ಮಾಡಿಕೊಂಡರು. ಈ ಯುವಕನನ್ನು ಅವನಿಗೆ ಪರಿಚಿತವಾದ ಜಾಗದಲ್ಲಿ, ಅವನಿಗೆ ಬರುವ ಭಾಷೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಿ ನೋಡಿರೆಂಬುದೇ ಆ ವಿನಂತಿ. ಪರೀಕ್ಷಕರ ದೊಡ್ಡತನವನ್ನೂ ಇಲ್ಲಿ ನೆನೆಯಬೇಕು. ಅವರು ಎಕುಲ್ಲಿಯ ಗುರುಮನೆಗೆ ತಾವೇ ಬಂದರು. ಅದೇ ಜಾನ್, ಅದೇ ವಿಷಯ. ಫ್ರೆಂಚ್‌ನಲ್ಲಿ ಕೇಳಿದ ಪ್ರಶ್ನೆಗಳಿಗೆ ಅವನು ಸ್ಪಷ್ಟವಾದ, ತೃಪ್ತಿಕರವಾದ ಉತ್ತರಗಳನ್ನು ಕೊಟ್ಟನು. ಕೆಲವೇ ದಿನಗಳಲ್ಲಿ ಅವನ ಜ್ಞಾನ ಹೆಚ್ಚಿರಲಿಲ್ಲ. ಜ್ಞಾನವನ್ನು ಮುಚ್ಚಿದ್ದ ಭಯವೂ ಭಾಷೆಯ ಅಡ್ಡಿಯೂ ಸರಿದಿದ್ದವು, ಅಷ್ಟೇ.

ಲಿಯಾನ್‌ನ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಫೆಶ್ ಆಗ ದೇಶದಲ್ಲಿರಲಿಲ್ಲ. ಕೊನೆಯ ತೀರ್ಮಾನ ವಿಕಾರ್ ಜನರಲ್ ಕೂರ್ಬೋನ್ ಅವರ ಕೈಯಲ್ಲಿತ್ತು. ಯುವಕನು ಭಕ್ತಿವಂತನೇ, ಜಪಸರ ಹೇಳುತ್ತಾನೆಯೇ ಎಂದು ಅವರು ವಿಚಾರಿಸಿದರು. ಹೌದೆಂದು ತಿಳಿದಾಗ, ಅವನನ್ನು ಕರೆಯುವುದಾಗಿಯೂ ಉಳಿದುದನ್ನು ದೇವರ ಕೃಪೆ ಪೂರೈಸುವುದೆಂದೂ ನುಡಿದರು. ಈ ಪ್ರಸಂಗವನ್ನು ಹೇಳುವಾಗ ಅನೇಕರು, ಓದು ಬಾರದಿದ್ದರೂ ಭಕ್ತಿಯೊಂದೇ ಸಾಕಾಯಿತು ಎಂಬಂತೆ ಹೇಳಿಬಿಡುತ್ತಾರೆ. ಅದು ಅರ್ಧ ಸತ್ಯ. ಆ ಮಾತಿನ ಹಿಂದೆ ಎಂಟು ವರ್ಷಗಳ ಬೆವರಿತ್ತು, ಎಕುಲ್ಲಿಯ ಮೇಜಿನ ಮುಂದೆ ಸರಿಯಾಗಿ ಕೊಟ್ಟ ಉತ್ತರಗಳಿದ್ದವು.

1814ರ ಜುಲೈ 2ರಂದು ಅವರು ಉಪಡೀಕನ್ ಆದರು. 1815ರ ಆಗಸ್ಟ್ 13ರಂದು, 29ನೆಯ ವಯಸ್ಸಿನಲ್ಲಿ, ಗ್ರೆನೋಬ್ಲ್ ನಗರದಲ್ಲಿ ಗುರುದೀಕ್ಷೆ ಪಡೆದರು. ಪರದೇಶದ ಸೈನಿಕರು ತುಂಬಿದ್ದ ದಾರಿಯಲ್ಲಿ ಅಷ್ಟು ದೂರ ಒಬ್ಬರೇ ನಡೆದು ಹೋಗಿದ್ದರು. ಮೊದಲ ನೇಮಕ ಎಕುಲ್ಲಿಗೆ, ತಮ್ಮ ಗುರು ಬ್ಯಾಲಿಯವರ ಸಹಾಯಕರಾಗಿ. ಪಾಪನಿವೇದನೆ ಕೇಳುವ ಅನುಮತಿ ಮಾತ್ರ ಅವರಿಗೆ ಕೂಡಲೇ ಸಿಗಲಿಲ್ಲ. ಕೆಲವು ತಿಂಗಳ ಬಳಿಕ ಅದು ದೊರೆತಾಗ, ಅವರ ಮುಂದೆ ಮೊದಲು ಮೊಣಕಾಲೂರಿದವರು ಅವರ ವಿದ್ಯಾಗುರು ಬ್ಯಾಲಿಯವರೇ. 1817ರ ಡಿಸೆಂಬರ್‌ನಲ್ಲಿ ಆ ಹಿರಿಯರು ಶಿಷ್ಯನ ಸನ್ನಿಧಿಯಲ್ಲಿ ತೀರಿಕೊಂಡರು.

1818ರಲ್ಲಿ ವಿಯಾನಿಯವರನ್ನು ಆರ್ಸ್‌ಗೆ ಕಳುಹಿಸಲಾಯಿತು. ಸುಮಾರು 230 ಜನರ ಕುಗ್ರಾಮವದು. ಪರೀಕ್ಷೆ ಮುಗಿಯಿತೆಂದು ಅವರು ಪುಸ್ತಕ ಮುಚ್ಚಲಿಲ್ಲ. ಮೊದಲ ವರ್ಷಗಳಲ್ಲಿ ಭಾನುವಾರದ ಪ್ರಬೋಧನೆಯನ್ನು ಗ್ರಂಥಗಳನ್ನು ನೋಡಿ ಬರೆದು, ಬಾಯಿಪಾಠ ಮಾಡಿ, ರಾತ್ರಿಯ ಹೊತ್ತು ಒಬ್ಬರೇ ಗಟ್ಟಿಯಾಗಿ ಹೇಳಿ ನೋಡುತ್ತಿದ್ದರು. ಹೀಗಿದ್ದೂ ಪೀಠದ ಮೇಲೆ ನಿಂತಾಗ ಕೆಲವೊಮ್ಮೆ ಮರೆತು, ಮಾತು ನಿಲ್ಲಿಸಿ ಕೆಳಗಿಳಿದದ್ದುಂಟು. ಮುಂದಿನ ಭಾನುವಾರ ಮತ್ತೆ ಏರುತ್ತಿದ್ದರು. ವರ್ಷಗಳು ಕಳೆದಂತೆ ಕಾಗದದ ನೆರವಿಲ್ಲದೆ, ಹೊಲ, ಹಕ್ಕಿ, ಮಳೆಗಳ ಹೋಲಿಕೆಗಳಿಂದ ಸರಳವಾಗಿ ಧರ್ಮೋಪದೇಶ ಮಾಡುವುದನ್ನು ಕರಗತ ಮಾಡಿಕೊಂಡರು. 1845ರಲ್ಲಿ ಫ್ರಾನ್ಸಿನ ಹೆಸರಾಂತ ಪ್ರಬೋಧಕರಾದ ಡೊಮಿನಿಕನ್ ಗುರು ಲಕೋರ್ಡೇರ್ ಅವರು ಆರ್ಸ್‌ಗೆ ಬಂದು, ಜನರ ನಡುವೆ ಕುಳಿತು ಈ ಹಳ್ಳಿಯ ಗುರುವಿನ ಉಪದೇಶ ಕೇಳಿದರು.

ಓದಿಗಾಗಿ ತಾವು ಪಟ್ಟ ಪಾಡು ಅವರಿಗೆ ಮರೆತಿರಲಿಲ್ಲ. 1824ರಲ್ಲಿ ಬಡ ಹೆಣ್ಣುಮಕ್ಕಳಿಗಾಗಿ ಆರ್ಸ್‌ನಲ್ಲಿ ಒಂದು ಉಚಿತ ಶಾಲೆ ತೆರೆದರು. ಅನಾಥ ಬಾಲೆಯರಿಗೆ ಅದು ಮನೆಯೂ ಆಯಿತು. ಅವರು ಅಲ್ಲಿ ನೀಡುತ್ತಿದ್ದ ಧರ್ಮೋಪದೇಶವನ್ನು ಕೇಳಲು ದೊಡ್ಡವರೂ ಬರತೊಡಗಿದರು. ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಯಾತ್ರಿಕರು ಆ ಪುಟ್ಟ ಊರಿಗೆ ಬರುತ್ತಿದ್ದರು. ದಿನದ 12, ಕೆಲವೊಮ್ಮೆ 16 ಗಂಟೆಗಳನ್ನು ಅವರು ಪಾಪನಿವೇದನೆಯ ಪೀಠದಲ್ಲಿ ಕಳೆಯುತ್ತಿದ್ದರು. ಹಿಂದೆ ಯಾವ ಅನುಮತಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತೋ, ಆ ಕಾರ್ಯವೇ ಅವರ ಹೆಸರಾಯಿತು. 1859ರ ಆಗಸ್ಟ್ 4ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. 1925ರಲ್ಲಿ ಹನ್ನೊಂದನೆಯ ಭಕ್ತಿನಾಥ ಜಗದ್ಗುರುಗಳು ಅವರನ್ನು ಸಂತರೆಂದು ಸಾರಿ, 1929ರಲ್ಲಿ ಧರ್ಮಕೇಂದ್ರಗಳ ಗುರುಗಳ ಪಾಲಕರೆಂದು ಘೋಷಿಸಿದರು.

ಈ ಬಾಳಿನಿಂದ ನಮ್ಮ ಮಕ್ಕಳ ಪರೀಕ್ಷೆಗೆ ಏನು ದೊರೆಯುತ್ತದೆ? ಮೊದಲನೆಯದಾಗಿ, ಸಿದ್ಧತೆಯೆಂದರೆ ಹೆಚ್ಚು ಹೊತ್ತು ಓದುವುದು ಮಾತ್ರವಲ್ಲ. ಎಲ್ಲಿ ತೊಡಕಿದೆಯೆಂದು ಮೊದಲು ತಿಳಿಯಬೇಕು. ಗಣಿತದಲ್ಲಿ ಹಿಂದಿರುವ ಮಗುವಿಗೆ ಕೆಲವೊಮ್ಮೆ ಗಣಿತವಲ್ಲ, ಪ್ರಶ್ನೆಯ ಭಾಷೆಯೇ ಅರ್ಥವಾಗಿರುವುದಿಲ್ಲ. ಮನೆಯಲ್ಲಿ ಕನ್ನಡವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವ ಮಕ್ಕಳ ಸಂಕಟ ಜಾನ್ ವಿಯಾನಿಯ ಸಂಕಟವೇ ಆಗಿದೆ. ಅಂಥ ಮಗುವಿಗೆ ಪಾಠವನ್ನು ಮೊದಲು ಮನೆಮಾತಿನಲ್ಲಿ ವಿವರಿಸಿ, ಅದರ ಬಾಯಿಂದಲೇ ಹೇಳಿಸಿ, ಆಮೇಲೆ ಶಾಲೆಯ ಭಾಷೆಯಲ್ಲಿ ಬರೆಯಿಸಿದರೆ ಅರ್ಧ ಭಾರ ಇಳಿಯುತ್ತದೆ.

ಎರಡನೆಯದಾಗಿ, ಪುಸ್ತಕವನ್ನು ಮತ್ತೆ ಮತ್ತೆ ಕಣ್ಣಾಡಿಸಿದರೆ ಸಾಲದು. ಪುಸ್ತಕ ಮುಚ್ಚಿ ತಾನೇ ಉತ್ತರ ಹೇಳಿ ನೋಡುವುದರಿಂದ ಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆಂದು ಕಲಿಕೆಯ ಕುರಿತ ಈಚಿನ ಅಧ್ಯಯನಗಳೂ ತೋರಿಸಿವೆ. ತಮ್ಮ, ತಂಗಿಯರಿಗೆ ಹೇಳಿಕೊಡುವುದೂ ಅಂಥದೇ ಒಂದು ಅಭ್ಯಾಸ. ಒಂದೇ ರಾತ್ರಿ ಎದ್ದು ಕುಳಿತು ಓದುವುದಕ್ಕಿಂತ, ದಿನಕ್ಕಿಷ್ಟೆಂದು ಕೆಲವು ವಾರಗಳ ಕಾಲ ಓದುವುದು ಲೇಸು.

ಮೂರನೆಯದಾಗಿ, ಭಯಕ್ಕೂ ಸಿದ್ಧತೆ ಬೇಕು. ಪರೀಕ್ಷಕರು ಎಲ್ಲರ ಮನೆಗೂ ಬರಲಾರರು. ಆದರೆ ಮನೆಯಲ್ಲಿಯೇ ಗಡಿಯಾರ ಇಟ್ಟು ಹಳೆಯ ಪ್ರಶ್ನೆಪತ್ರಿಕೆಯನ್ನು ಎರಡು ಮೂರು ಬಾರಿ ಬರೆಯಿಸಿದರೆ, ಪರೀಕ್ಷೆಯ ಕೊಠಡಿ ಅಪರಿಚಿತವೆನಿಸುವುದಿಲ್ಲ. ತಾಯಿ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿದರೂ ಸಾಕು. ಅದಕ್ಕೆ ಹೆಚ್ಚಿನ ಓದು ಬೇಕಿಲ್ಲ, ತಾಳ್ಮೆ ಬೇಕು.

ಕೊನೆಯದಾಗಿ ತಂದೆತಾಯಿಗೊಂದು ಮಾತು. ಫಲಿತಾಂಶ ಬಂದ ದಿನ ಮಗು ನಿಮ್ಮ ಮುಖವನ್ನೇ ನೋಡುತ್ತದೆ. ಅಂಕ ಕಡಿಮೆಯಾಯಿತೆಂದು ಬದುಕನ್ನೇ ಕೊನೆಗಾಣಿಸಿಕೊಂಡ ಎಳೆಯ ಜೀವಗಳ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಲಿಯಾನ್‌ನಲ್ಲಿ ಸೋತು ಬಂದ ಸಂಜೆ ಜಾನ್ ವಿಯಾನಿಗೆ ಹೋಗಲು ಒಂದು ಮನೆಯಿತ್ತು. ಆ ಮನೆಯಲ್ಲಿ ಅವನನ್ನು ಪಕ್ಕದ ಮನೆಯ ಹುಡುಗನೊಂದಿಗೆ ಹೋಲಿಸುವವರು ಇರಲಿಲ್ಲ, ಮುಂದೇನು ಮಾಡೋಣವೆಂದು ಯೋಚಿಸುವ ಒಬ್ಬ ಹಿರಿಯರಿದ್ದರು. ಅವರಿಲ್ಲದಿದ್ದರೆ ಧರ್ಮಸಭೆಗೆ ಈ ಸಂತರು ದೊರೆಯುತ್ತಿರಲಿಲ್ಲ. ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಪರೀಕ್ಷೆ ಬರೆಯುವ ಮಗುವಿಗೆ ಅಂಥ ಒಬ್ಬ ಹಿರಿಯರು ಇರಲಿ. ಸಂತ ಜಾನ್ ಮರಿಯ ವಿಯಾನಿಯವರು ನಮ್ಮ ಮಕ್ಕಳಿಗಾಗಿಯೂ, ಅವರಿಗೆ ಕಲಿಸುವವರಿಗಾಗಿಯೂ ಪ್ರಾರ್ಥಿಸಲಿ.